ಮದರಾಸಿನ ಮಾಸ್ತರರು ಮತ್ತು ತಂತಿಯಿಲ್ಲದ ದೂರವಾಣಿ



ಕಳೆದ ಜನವರಿಯಲ್ಲಿ ನಮ್ಮ ಪ್ರೌಢಶಾಲೆಯ 1994-95ನೆಯ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳು ಗುರುವಂದನಾ ಕಾರ್ಯಕ್ರಮ ಏರ್ಪಡಿಸಿದ್ದರು. ನಿವೃತ್ತರಾದ ನಮ್ಮನ್ನೆಲ್ಲ ಕರೆಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಗೌರವಿಸಿದರು. ಆ ದಿನ ಊಟದ ಪಂಕ್ತಿಯಲ್ಲಿ ಕೇಳಿದ ಎರಡು ಮಾತುಗಳು ನನ್ನನ್ನು ಈ ಲೇಖನ ಬರೆಯಲು ಹಚ್ಚಿದವು.

ಮೊದಲನೆಯದು ಬೆಂಗಳೂರಿನ ದೂರಸಂಪರ್ಕ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಶಿಷ್ಯನದು. “ನಮ್ಮ ದೇಶದ ಕಾಲೇಜುಗಳ ಸಂಶೋಧನೆ ಅಂದರೆ ಕಪಾಟಿನಲ್ಲಿ ಧೂಳು ಹಿಡಿಯುವ ಪ್ರಬಂಧ ಅಷ್ಟೇ ಸರ್. ಉದ್ಯಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ” ಎಂದ. ಎರಡನೆಯದು ಹುಬ್ಬಳ್ಳಿಯಲ್ಲಿ ಮೊಬೈಲ್ ದುರಸ್ತಿ ಅಂಗಡಿ ಇಟ್ಟುಕೊಂಡಿರುವ ಮತ್ತೊಬ್ಬನದು. ಅವನು ನಗುತ್ತಲೇ ಹೇಳಿದ: “ನಿಮಗ ನೆನಪಿರಲಿಕ್ಕಿಲ್ಲರಿ ಸರ್. ಒಂಬತ್ತನೇ ಇಯತ್ತೆಯೊಳಗ ನಾ ಒಮ್ಮೆ ಕೇಳಿದ್ದೆ, ರೇಡಿಯೋಕ್ಕ ತಂತಿ ಬೇಡಂದ್ರ ಟೆಲಿಫೋನಿಗೆ ಯಾಕ ಬೇಕು ಅಂತ. ಪರೀಕ್ಷೆಗೆ ಬರೋದನ್ನ ಮೊದಲ ಓದು ಅಂದಿದ್ರಿ.”

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಆದರೆ ಹಾಗೆ ಹೇಳಿರಬಲ್ಲೆ ಎಂಬುದರಲ್ಲಿ ಸಂಶಯವಿಲ್ಲ. ಆ ಹುಡುಗ ನಮ್ಮ ತರಗತಿಯಲ್ಲಿ ಆ ಪ್ರಶ್ನೆ ಕೇಳಿದ ವರ್ಷಗಳಲ್ಲೇ ಮದರಾಸಿನ ಮೂವರು ಮಾಸ್ತರರು ಅದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದರು. ಇಬ್ಬರು ಶಿಷ್ಯರಿಗೂ ಸಲ್ಲಬೇಕಾದ ಉತ್ತರ ಅವರ ಕತೆಯಲ್ಲಿದೆ.

ಕತೆ ನಮ್ಮ ಕಡೆಯಿಂದಲೇ ಆರಂಭವಾಗುತ್ತದೆ. 1984ರಲ್ಲಿ ಕೇಂದ್ರ ಸರ್ಕಾರವು ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ‘ಸಿ-ಡಾಟ್’ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಹಳ್ಳಿಗಳಿಗೆ ಒಗ್ಗುವ ದೂರವಾಣಿ ವಿನಿಮಯ ಕೇಂದ್ರವನ್ನು ನಮ್ಮವರೇ ರೂಪಿಸಬೇಕೆಂಬುದು ಅದರ ಗುರಿಗಳಲ್ಲಿ ಒಂದು. ಆ ಸಂಸ್ಥೆಯ 128 ಸಂಪರ್ಕಗಳ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಕೆಲಸ ಆರಂಭಿಸಿದ್ದು ದಿಲ್ಲಿಯ ಆಸುಪಾಸಿನಲ್ಲಲ್ಲ, ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಿತ ಕೋಣೆಯ ಅಗತ್ಯವಿಲ್ಲದೆ, ನಮ್ಮ ಧೂಳು ಮತ್ತು ಬಿಸಿಲನ್ನು ತಾಳಿಕೊಂಡು ನಡೆಯಬಲ್ಲ ಯಂತ್ರ ಅದು. ಆಗ ನಾನು ಧಾರವಾಡದ ಸಮೀಪದ ಹಳ್ಳಿಯೊಂದರಲ್ಲಿ ಹೊಸದಾಗಿ ವಿಜ್ಞಾನ ಶಿಕ್ಷಕನಾಗಿ ಸೇರಿದ್ದೆ. ಟ್ರಂಕ್ ಕಾಲ್ ಹಚ್ಚಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕುಳಿತಿರುತ್ತಿದ್ದ ನಮಗೆ ಕಿತ್ತೂರಿನ ಸುದ್ದಿ ಒಂದು ಪವಾಡದಂತೆ ಕೇಳಿಸಿತ್ತು.

ಆದರೆ ವಿನಿಮಯ ಕೇಂದ್ರ ಊರಿಗೆ ಬಂದ ಮಾತ್ರಕ್ಕೆ ದೂರವಾಣಿ ಮನೆಗೆ ಬರುವುದಿಲ್ಲ. ಕೇಂದ್ರದಿಂದ ಪ್ರತಿ ಮನೆಯವರೆಗೂ ಒಂದು ಜೋಡಿ ತಾಮ್ರದ ತಂತಿ ಎಳೆಯಬೇಕು. ನೆಲ ಅಗೆಯಬೇಕು, ಕಂಬ ನೆಡಬೇಕು, ಕಳ್ಳರಿಂದ ಕಾಯಬೇಕು. 1991ರಲ್ಲಿ ಇಡೀ ಭಾರತದಲ್ಲಿದ್ದ ದೂರವಾಣಿಗಳು ಸುಮಾರು 50 ಲಕ್ಷ, ಎಂದರೆ ನೂರು ಜನರಿಗೆ ಒಂದೂ ಇರಲಿಲ್ಲ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು 1997ರ ವೇಳೆಗೆ ಕೇಳಿದವರಿಗೆಲ್ಲ ದೂರವಾಣಿ, ಹಳ್ಳಿಹಳ್ಳಿಗೂ ಸಂಪರ್ಕ ಎಂದು ಮಾತು ಕೊಟ್ಟಿತು. ಮಾತು ದೊಡ್ಡದಾಗಿತ್ತು, ಲೆಕ್ಕ ಮಾತ್ರ ಕೂಡಿಬರಲಿಲ್ಲ.

ಆ ಲೆಕ್ಕವನ್ನು ಕೈಗೆತ್ತಿಕೊಂಡವರು ಮದರಾಸಿನ ಐ.ಐ.ಟಿ.ಯ ಪ್ರಾಧ್ಯಾಪಕ ಅಶೋಕ್ ಝುನ್‌ಝುನ್‌ವಾಲಾ. ಅಮೆರಿಕದಲ್ಲಿ ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ, 1981ರಲ್ಲಿ ಮದರಾಸಿಗೆ ಬಂದವರು. ಅವರೊಂದಿಗೆ ಭಾಸ್ಕರ್ ರಾಮಮೂರ್ತಿ, ತಿಮೋತಿ ಗೊನ್ಸಾಲ್ವಿಸ್ ಮೊದಲಾದವರು ಸೇರಿದರು. ರಾಮಮೂರ್ತಿಯವರು ಅಮೆರಿಕದ ಹೆಸರಾಂತ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದಿದ್ದ ನಿಸ್ತಂತು ತಜ್ಞರು; ಗೊನ್ಸಾಲ್ವಿಸ್ ಅವರದು ಕಂಪ್ಯೂಟರ್ ಜಾಲಗಳ ಕ್ಷೇತ್ರ. ಬೇರೆ ಬೇರೆ ವಿಭಾಗಗಳ ಈ ಅಧ್ಯಾಪಕರು ಕಟ್ಟಿಕೊಂಡ ತಂಡಕ್ಕೆ ‘ಟೆನೆಟ್’ ಎಂದು ಹೆಸರಾಯಿತು.

ಅವರ ಲೆಕ್ಕವನ್ನು ನಮ್ಮ ಏಳನೆಯ ತರಗತಿಯ ಹುಡುಗರೂ ಮಾಡಬಲ್ಲರು. ಆಗ ಒಂದು ದೂರವಾಣಿ ಸಂಪರ್ಕ ಒದಗಿಸಲು ಸಂಸ್ಥೆಗೆ ತಗಲುತ್ತಿದ್ದ ವೆಚ್ಚ ಸುಮಾರು 30ರಿಂದ 40 ಸಾವಿರ ರೂಪಾಯಿ. ಹಾಕಿದ ಹಣಕ್ಕೆ ಬಡ್ಡಿ, ಸವಕಳಿ, ನಿರ್ವಹಣೆ ಎಲ್ಲ ಸೇರಿಸಿದರೆ ಆ 40 ಸಾವಿರದ ಮೇಲೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ವರಮಾನ ಬಂದರೆ ಮಾತ್ರ ನಷ್ಟವಿಲ್ಲ. ಅಷ್ಟು ಹಣವನ್ನು ದೂರವಾಣಿಗೆ ಕೊಡಬಲ್ಲ ಮನೆಗಳು ದೇಶದಲ್ಲಿ ಎಷ್ಟಿದ್ದಾವು? ನೂರಕ್ಕೆ ಎರಡು ಮೂರು. ಆದ್ದರಿಂದ ಸಂಪರ್ಕವೊಂದರ ವೆಚ್ಚ 10 ಸಾವಿರಕ್ಕೆ ಇಳಿಯಬೇಕು. ಇಳಿದರೆ ನಮ್ಮ ಸಾಧಾರಣ ಕುಟುಂಬಗಳಲ್ಲಿ ಅರ್ಧದಷ್ಟಾದರೂ ದೂರವಾಣಿ ಇಟ್ಟುಕೊಳ್ಳಬಲ್ಲವು ಎಂದು ಅವರು ವಾದಿಸಿದರು. ಶ್ರೀಮಂತ ದೇಶಗಳ ಕಂಪನಿಗಳಿಗೆ ಈ ಲೆಕ್ಕ ಮಾಡುವ ಗರಜು ಇರಲಿಲ್ಲ. ಅಲ್ಲಿ ಮನೆಮನೆಗೂ ತಂತಿ ಎಂದೋ ತಲುಪಿತ್ತು. ಅವರ ಸಂಶೋಧನೆ ಇದ್ದ ಗ್ರಾಹಕನಿಗೆ ಹೊಸ ಸೌಕರ್ಯ ಕೊಡುವ ಕಡೆಗೆ ಹರಿದಿತ್ತು. ಬೆಲೆಯನ್ನು ಕಾಲುಭಾಗಕ್ಕೆ ಇಳಿಸುವ ಕೆಲಸ ನಮ್ಮದೇ ಆಗಿತ್ತು.

ವೆಚ್ಚದ ಬಹುಪಾಲನ್ನು ತಾಮ್ರದ ತಂತಿಯೇ ನುಂಗುತ್ತಿತ್ತು. ತಾಮ್ರದ ಬೆಲೆ ಏರುತ್ತ ಹೋಗುತ್ತದೆ, ಇಲೆಕ್ಟ್ರಾನಿಕ್ ಬಿಡಿಭಾಗಗಳ ಬೆಲೆ ಇಳಿಯುತ್ತ ಬರುತ್ತದೆ. ಆದ್ದರಿಂದ ತಂತಿಯ ಜಾಗದಲ್ಲಿ ರೇಡಿಯೋ ಅಲೆಗಳನ್ನು ಕೂರಿಸಬೇಕೆಂದು ಅವರು ನಿಶ್ಚಯಿಸಿದರು. ಅದಕ್ಕಾಗಿ ಯುರೋಪಿನ ‘ಡೆಕ್ಟ್’ ಎಂಬ ಮಾನಕವನ್ನು ಆರಿಸಿಕೊಂಡರು. ಅದು ಮನೆ ಮತ್ತು ಕಚೇರಿಗಳ ಒಳಗೆ ಬಳಸುವ ಕಾರ್ಡ್‌ಲೆಸ್ ಫೋನಿಗಾಗಿ, ಕೆಲವು ನೂರು ಮೀಟರುಗಳ ವ್ಯಾಪ್ತಿಗಾಗಿ ಹುಟ್ಟಿದ್ದು. ಅದನ್ನು ಹತ್ತು ಕಿಲೋಮೀಟರ್ ದೂರದ ಹಳ್ಳಿಗೆ ಒಯ್ಯುವುದೇ ಸವಾಲಾಯಿತು.

ಇಲ್ಲಿ ಸ್ವಲ್ಪ ಪಾಠ ಮಾಡಲು ಅಪ್ಪಣೆ ಕೊಡಿ, ಹಳೆಯ ಚಾಳಿ. ಡೆಕ್ಟ್ ಪದ್ಧತಿಯಲ್ಲಿ ಒಂದೇ ತರಂಗವನ್ನು ಹಲವರು ಸರದಿಯ ಮೇಲೆ ಬಳಸುತ್ತಾರೆ. ಶಾಲೆಯ ವೇಳಾಪಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಲ್ಲಿ ಒಂದು ‘ದಿನ’ವೆಂದರೆ 10 ಮಿಲಿಸೆಕೆಂಡು, ಅದರಲ್ಲಿ 24 ‘ಪಿರಿಯಡ್’ಗಳು: 12 ಗೋಪುರದಿಂದ ಮನೆಗಳ ಕಡೆಗೆ, 12 ಮನೆಗಳಿಂದ ಗೋಪುರದ ಕಡೆಗೆ. ಪ್ರತಿಯೊಬ್ಬನೂ ತನ್ನ ಪಿರಿಯಡ್‌ನಲ್ಲಿ ಮಾತ್ರ ಮಾತಾಡಬೇಕು. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡಿದರೂ ಹತ್ತು ಕಿಲೋಮೀಟರ್ ಹೋಗಿಬರಲು ಸುಮಾರು 67 ಮೈಕ್ರೋಸೆಕೆಂಡು ಬೇಕು. ಕೋಣೆಯೊಳಗಿನ ಫೋನಿಗೆ ಈ ವಿಳಂಬ ಲೆಕ್ಕಕ್ಕಿಲ್ಲ. ದೂರದ ಹಳ್ಳಿಯ ಫೋನಿನ ಮಾತು ಮಾತ್ರ ತಡವಾಗಿ ಬಂದು ಮುಂದಿನವನ ಪಿರಿಯಡ್‌ನೊಳಗೆ ನುಗ್ಗುತ್ತದೆ. ಪರಿಹಾರವೇನು? ದೂರದ ತೋಟದ ಮನೆಯ ಹುಡುಗ ಗಂಟೆ ಬಾರಿಸುವುದಕ್ಕೆ ಮೊದಲೇ ಮನೆ ಬಿಡುವಂತೆ, ದೂರದ ಫೋನು ತನ್ನ ದೂರವನ್ನು ಅರಿತು ಅಷ್ಟು ಮುಂಚಿತವಾಗಿಯೇ ಸಂಕೇತ ಕಳುಹಿಸಬೇಕು. ಇಂಥ ಬದಲಾವಣೆಗಳಿಂದ, ಎದುರಿಗೆ ಅಡ್ಡಿಯಿಲ್ಲದಿದ್ದರೆ 10 ಕಿಲೋಮೀಟರ್ ಮುಟ್ಟುವ, ನಡುವೆ ಮರುಪ್ರಸಾರ ಘಟಕವಿಟ್ಟರೆ 25 ಕಿಲೋಮೀಟರ್‌ವರೆಗೂ ಹೋಗುವ ‘ಕಾರ್‌ಡೆಕ್ಟ್’ ವ್ಯವಸ್ಥೆ ರೂಪುಗೊಂಡಿತು.

ಕಾಗದದ ಮೇಲಿನ ಲೆಕ್ಕ ಕಾರ್ಖಾನೆಯ ವಸ್ತುವಾಗುವುದು ಹೇಗೆ? ಬೆಂಗಳೂರಿನ ಶಿಷ್ಯನು ಈ ಭಾಗವನ್ನು ಗಮನವಿಟ್ಟು ಓದಬೇಕು. ಅಧ್ಯಾಪಕರು ಪ್ರಬಂಧ ಪ್ರಕಟಿಸಿ ಕೈತೊಳೆದುಕೊಳ್ಳಲಿಲ್ಲ. ಐ.ಐ.ಟಿ.ಯಲ್ಲಿ ಓದಿ ಹೊರಬಂದಿದ್ದ ತಮ್ಮ ಶಿಷ್ಯರು ಊರಿನಲ್ಲೇ ಕಂಪನಿಗಳನ್ನು ಕಟ್ಟುವಂತೆ ಹುರಿದುಂಬಿಸಿದರು. ಹಾಗೆ ಹುಟ್ಟಿದ ಮಿಡಾಸ್ ಕಮ್ಯುನಿಕೇಶನ್ ಟೆಕ್ನಾಲಜೀಸ್ ಕಾರ್‌ಡೆಕ್ಟ್‌ನ ಬೆನ್ನೆಲುಬಾಯಿತು. ಕಲ್ಪನೆ ಮತ್ತು ಸಿದ್ಧಾಂತ ವಿದ್ಯಾಸಂಸ್ಥೆಯದು. ಅದನ್ನು ಕೆಡದೆ ನಡೆಯುವ ಯಂತ್ರವಾಗಿಸುವ ಹೊಣೆ ಕಂಪನಿಯದು. ಬೇಕಾದ ಚಿಪ್‌ಗಳನ್ನು ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿಯೊಂದಿಗೆ ಸೇರಿ ರೂಪಿಸಿದರು. ಕ್ರಾಂಪ್ಟನ್ ಗ್ರೀವ್ಸ್, ಶ್ಯಾಮ್ ಟೆಲಿಕಾಂ, ಸರ್ಕಾರದ ಇ.ಸಿ.ಐ.ಎಲ್. ಮೊದಲಾದ ತಯಾರಕರು ತಂತ್ರಜ್ಞಾನದ ಪರವಾನಗಿ ಪಡೆದರು. ಅವರು ಮುಂಗಡವಾಗಿ ಕೊಟ್ಟ ಶುಲ್ಕವೂ ಸಂಶೋಧನೆಗೆ ಆಸರೆಯಾಯಿತು. ಯಂತ್ರ ಇನ್ನೂ ಸಿದ್ಧವಾಗದಿರುವಾಗಲೇ ಅದಕ್ಕೆ ಹಣ ಕೊಟ್ಟವರ ಧೈರ್ಯವನ್ನೂ ನೆನೆಯಬೇಕು. ಗುರು, ಶಿಷ್ಯ, ಚಿಪ್ ತಯಾರಕ, ಕಾರ್ಖಾನೆಯ ಮಾಲೀಕ ಈ ನಾಲ್ವರೂ ಒಂದೇ ಲೆಕ್ಕವನ್ನು ನಂಬಿದ್ದರು: ಹತ್ತು ಸಾವಿರ ರೂಪಾಯಿ.

1990ರ ದಶಕದ ಕೊನೆಯ ಹೊತ್ತಿಗೆ ಕಾರ್‌ಡೆಕ್ಟ್ ಬಳಕೆಗೆ ಸಿದ್ಧವಾಯಿತು. ಮಾಳಿಗೆಯ ಮೇಲೊಂದು ಸಣ್ಣ ಆಂಟೆನಾ, ಗೋಡೆಗೊಂದು ಪೆಟ್ಟಿಗೆ. ಆ ಪೆಟ್ಟಿಗೆಗೆ ಸಾಮಾನ್ಯ ಫೋನನ್ನೂ ಕಂಪ್ಯೂಟರನ್ನೂ ಜೋಡಿಸಬಹುದಿತ್ತು. ಆಗ ಅಂತರಜಾಲವೆಂದರೆ ಮೋಡೆಮ್‌ನಿಂದ ಡಯಲ್ ಮಾಡುವುದು. ಒಬ್ಬ ಅಂತರಜಾಲದಲ್ಲಿ ಕುಳಿತರೆ ಮನೆಯ ಫೋನು ಬಂದ್, ವಿನಿಮಯ ಕೇಂದ್ರದ ಒಂದು ದಾರಿಯೂ ಗಂಟೆಗಟ್ಟಲೆ ಅವನಿಗೇ ಮೀಸಲು. ಕಾರ್‌ಡೆಕ್ಟ್ ಅಂತರಜಾಲದ ಸಂಚಾರವನ್ನು ದೂರವಾಣಿ ಜಾಲಕ್ಕೆ ಹೊಗಿಸದೆ ಬೇರೆ ದಾರಿಗೆ ತಿರುಗಿಸುತ್ತಿತ್ತು. ಮಾತಾಡುತ್ತಿರುವಾಗಲೇ 35 ಕಿಲೋಬಿಟ್, ಫೋನು ಬಳಕೆಯಲ್ಲಿಲ್ಲದಾಗ 70 ಕಿಲೋಬಿಟ್ ವೇಗ. ಇಂದಿನ ಮಕ್ಕಳು ನಗಬಹುದು. ಅಂದಿನ ಹಳ್ಳಿಗೆ ಅದು ದೊಡ್ಡದೇ. ಮಡಗಾಸ್ಕರ್, ಫಿಜಿಯಂಥ ದೇಶಗಳಿಗೂ ಈ ವ್ಯವಸ್ಥೆ ಹೋಯಿತು.

ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಹಳ್ಳಿಗಳಿಗೆ ಅಂತರಜಾಲ ಒಯ್ಯಲು ‘ಎನ್-ಲಾಗ್’ ಎಂಬ ಕಂಪನಿ ಹುಟ್ಟಿತು. ಊರಿನವರೇ ಒಬ್ಬರು ಸುಮಾರು 50 ಸಾವಿರ ರೂಪಾಯಿ ಸಾಲ ಮಾಡಿ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ, ಗೋಡೆ ಪೆಟ್ಟಿಗೆ ಇಟ್ಟುಕೊಂಡು ಅಂತರಜಾಲ ಕೇಂದ್ರ ನಡೆಸುವುದು ಯೋಜನೆ. 2001ರಿಂದ ಮದುರೈ ಜಿಲ್ಲೆಯ ಮೇಲೂರು ಭಾಗದಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳೂ ಕೈಜೋಡಿಸಿ ಪ್ರಯೋಗ ನಡೆಸಿದವು. ಹಳ್ಳಿಯವರ ಕಣ್ಣಿನ ಚಿತ್ರ ತೆಗೆದು ಮದುರೈಯ ಅರವಿಂದ ಕಣ್ಣಾಸ್ಪತ್ರೆಗೆ ಕಳುಹಿಸಿ ವೈದ್ಯರ ಸಲಹೆ ಪಡೆಯುವ ಏರ್ಪಾಡು ಅಲ್ಲಿ ನಡೆಯಿತು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಉಳಿದವರಿಗೆ ಅದರ ಬೆಲೆ ಗೊತ್ತು.

ಇನ್ನು ಸೋಲಿನ ಭಾಗ. ಅದನ್ನು ಮುಚ್ಚಿಟ್ಟರೆ ಇದು ಇತಿಹಾಸವಾಗದು, ಅಭಿನಂದನಾ ಭಾಷಣವಾದೀತು. ಕಾರ್‌ಡೆಕ್ಟ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. 1995ರಲ್ಲಿ ಭಾರತಕ್ಕೆ ಬಂದಾಗ ಶ್ರೀಮಂತರ ಆಟಿಕೆಯಾಗಿದ್ದ ಮೊಬೈಲ್ ಹತ್ತೇ ವರ್ಷದಲ್ಲಿ ಎಲ್ಲರ ಜೇಬಿಗೆ ಬಂದಿತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2008ರ ನಂತರ ತಿಂಗಳೊಂದಕ್ಕೆ ಒಂದು ಕೋಟಿಗೂ ಮಿಕ್ಕಿ ಹೊಸ ಮೊಬೈಲ್ ಸಂಪರ್ಕಗಳು ಸೇರತೊಡಗಿದವು. ಜಗತ್ತಿನಾದ್ಯಂತ ಒಂದೇ ಮಾನಕದ ಫೋನುಗಳು ಕೋಟಿಗಟ್ಟಲೆ ತಯಾರಾದಂತೆ ಬಿಡಿಭಾಗಗಳ ಬೆಲೆ ಕುಸಿಯಿತು. ಸಾವಿರ, ಲಕ್ಷಗಳ ಲೆಕ್ಕದಲ್ಲಿ ತಯಾರಾಗುವ ಕಾರ್‌ಡೆಕ್ಟ್ ಅದರೊಂದಿಗೆ ಹೇಗೆ ಸ್ಪರ್ಧಿಸೀತು? ಅಲ್ಲದೆ ಗೋಡೆಗೆ ಅಂಟಿದ ಫೋನಿಗಿಂತ ಹೊಲಕ್ಕೆ ಒಯ್ಯಬಲ್ಲ ಫೋನು ರೈತನಿಗೆ ಹೆಚ್ಚು ಬೇಕಾಗಿತ್ತು. ಹಳ್ಳಿಯ ಅಂತರಜಾಲ ಕೇಂದ್ರಗಳಿಗೂ ಸಾಕಷ್ಟು ವರಮಾನ ಹುಟ್ಟಲಿಲ್ಲ. ಆ ದಶಕ ಮುಗಿಯುವುದರೊಳಗೆ ಬಹಳಷ್ಟು ಮುಚ್ಚಿದವು. ಸಾಲ ಮಾಡಿ ಕೇಂದ್ರ ತೆರೆದಿದ್ದ ತರುಣ ತರುಣಿಯರ ಕಷ್ಟವೂ ಈ ಚರಿತ್ರೆಯ ಲೆಕ್ಕದಲ್ಲಿ ಸೇರಬೇಕು.

ಇನ್ನೊಂದು ವಿಚಿತ್ರವನ್ನು ನೋಡಿ. ಝುನ್‌ಝುನ್‌ವಾಲಾ ಅವರ ಮೂಲ ವಾದ ಮಾತ್ರ ಸೋಲಲಿಲ್ಲ. ವೆಚ್ಚ ಇಳಿದರೆ ಬಡವನೂ ದೂರವಾಣಿ ಕೊಳ್ಳುತ್ತಾನೆ ಎಂದು ಅವರು ಹೇಳಿದ್ದನ್ನು ಮೊಬೈಲ್ ಸಾಧಿಸಿ ತೋರಿಸಿತು. ತಂತಿ ಬೇಡವೆಂಬ ಮಾತೂ ನಿಜವಾಯಿತು. ಅವರ ಪ್ರಶ್ನೆ ಗೆದ್ದಿತು, ಗೆಲ್ಲಿಸಿದ ಯಂತ್ರ ಬೇರೆಯವರದಾಗಿತ್ತು.

ಹಾಗಾದರೆ ಮದರಾಸಿನಲ್ಲಿ ಉಳಿದದ್ದೇನು? ಮೊದಲನೆಯದಾಗಿ, ಕೂಡಿ ಕೆಲಸ ಮಾಡುವ ರೂಢಿ. ಝುನ್‌ಝುನ್‌ವಾಲಾ ಅವರ ಮುಂದಾಳುತನದಲ್ಲಿ ಐ.ಐ.ಟಿ.ಯ ಮಗ್ಗುಲಲ್ಲೇ ಸಂಶೋಧನಾ ಪಾರ್ಕ್ ಎದ್ದು 2010ರಲ್ಲಿ ಆರಂಭವಾಯಿತು. ಅಲ್ಲಿ ಜಾಗ ಪಡೆಯುವ ಕಂಪನಿ ಬಾಡಿಗೆ ಕೊಟ್ಟರೆ ಸಾಲದು. ಅಧ್ಯಾಪಕರು, ವಿದ್ಯಾರ್ಥಿಗಳೊಡನೆ ಸಂಶೋಧನೆಯಲ್ಲಿ ತೊಡಗಿ ಅಂಕ ಗಳಿಸಬೇಕು. ಕಂಪನಿಗಳಿಗೂ ನಮ್ಮಂತೆ ಅಂಕಪಟ್ಟಿ ಕೊಡುವ ಊರು ಅದೊಂದೇ ಇರಬೇಕೆಂದು ನಾನು ನಗುವುದುಂಟು! ರಾಮಮೂರ್ತಿಯವರು 2011ರಿಂದ 2022ರವರೆಗೆ ಅದೇ ಐ.ಐ.ಟಿ.ಯ ನಿರ್ದೇಶಕರಾಗಿದ್ದರು, ಗೊನ್ಸಾಲ್ವಿಸ್ ಅವರು 2010ರಲ್ಲಿ ಹಿಮಾಚಲದ ಮಂಡಿಯ ಹೊಸ ಐ.ಐ.ಟಿ.ಗೆ ಮೊದಲ ನಿರ್ದೇಶಕರಾಗಿ ಹೋದರು.

ಎರಡನೆಯದಾಗಿ ಉಳಿದದ್ದು ದೂರದ ಹಳ್ಳಿಯ ಪ್ರಶ್ನೆ. ಸರ್ಕಾರ ಮತ್ತು ಉದ್ಯಮದ ಸಹಭಾಗಿತ್ವದಲ್ಲಿ ಐ.ಐ.ಟಿ. ಆವರಣದಲ್ಲಿ ‘ಸೆವಿಟ್’ ಎಂಬ ನಿಸ್ತಂತು ತಂತ್ರಜ್ಞಾನ ಕೇಂದ್ರ ಸ್ಥಾಪನೆಯಾಗಿತ್ತು. ಬ್ರಾಡ್‌ಬ್ಯಾಂಡ್ ನಿಸ್ತಂತು ಸಂಶೋಧನೆ ಅಲ್ಲಿ ಮುಂದುವರಿಯಿತು. 5ಜಿ ಮಾನಕ ರೂಪಿಸುವ ಜಾಗತಿಕ ಚರ್ಚೆ ಆರಂಭವಾದಾಗ ಅದರಲ್ಲಿದ್ದ ಗ್ರಾಮೀಣ ಪ್ರದೇಶದ ಪರೀಕ್ಷೆಯಲ್ಲಿ ಗೋಪುರಗಳ ನಡುವಿನ ಅಂತರ 1,732 ಮೀಟರ್ ಎಂದಿತ್ತು. ಅಷ್ಟು ಹತ್ತಿರ ಹತ್ತಿರ ಗೋಪುರ ನಿಲ್ಲಿಸಲು ನಮ್ಮ ಹಳ್ಳಿಗಳ ವರಮಾನ ಸಾಲದು. ನಮ್ಮಲ್ಲಿ ಆಪ್ಟಿಕಲ್ ಫೈಬರ್ ಗ್ರಾಮ ಪಂಚಾಯತಿಯ ಊರಿಗೆ ಬಂದು ನಿಲ್ಲುತ್ತದೆ. ಅಲ್ಲೊಂದು ಗೋಪುರವಿಟ್ಟರೆ ಸುತ್ತಲಿನ ಹಳ್ಳಿಗಳಿಗೆಲ್ಲ ಸಂಕೇತ ಮುಟ್ಟಬೇಕು. ಆದ್ದರಿಂದ 6 ಕಿಲೋಮೀಟರ್ ಅಂತರವನ್ನೂ ಪರೀಕ್ಷೆಯಲ್ಲಿ ಸೇರಿಸಬೇಕೆಂದು ಭಾರತ ಪಟ್ಟು ಹಿಡಿಯಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2017ರಲ್ಲಿ ಅದನ್ನು ಒಪ್ಪಿತು. ಮದರಾಸಿನ ಹಳೆಯ ‘ಹತ್ತು ಕಿಲೋಮೀಟರ್’ ನನಗೆ ಇಲ್ಲಿ ನೆನಪಾಗುತ್ತದೆ.

ದೂರದ ಹಳ್ಳಿಯ ತೊಡಕು ಗೋಪುರದ ದನಿಯದಲ್ಲ, ಫೋನಿನ ದನಿಯದು. ಗೋಪುರ ಗಟ್ಟಿಯಾಗಿ ಕೂಗಬಲ್ಲದು. ಸಣ್ಣ ಬ್ಯಾಟರಿಯ ಫೋನಿನ ದನಿ ಕ್ಷೀಣ. ಅದು ಕಳುಹಿಸುವ ಸಂಕೇತದಲ್ಲಿ ಏರಿಳಿತ ಕಡಿಮೆ ಮಾಡಿದರೆ ಅದರ ವರ್ಧಕ ತನ್ನ ಪೂರ್ಣಶಕ್ತಿಗೆ ಹತ್ತಿರವಾಗಿ ದುಡಿಯಬಲ್ಲದು, ದನಿ ಇನ್ನಷ್ಟು ದೂರ ಮುಟ್ಟುತ್ತದೆ. ಮದರಾಸು ಮತ್ತು ಹೈದರಾಬಾದಿನ ಐ.ಐ.ಟಿ.ಗಳು, ಸೆವಿಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ರಿಲಯನ್ಸ್ ಜಿಯೋ ಮೊದಲಾದವು ಬೆಂಬಲಿಸಿದ ಭಾರತೀಯ ಪ್ರಸ್ತಾವ ಇಂಥ ಉಪಾಯಗಳಿಂದ ಕೂಡಿತ್ತು. ಅದು ‘5ಜಿಐ’ ಎಂದು ಹೆಸರಾಗಿ, ಜಾಗತಿಕ ಒಕ್ಕೂಟ 2021ರಲ್ಲಿ ಪ್ರಕಟಿಸಿದ 5ಜಿ ಮಾನಕಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಆಗ ಹಳೆಯ ಅಪಾಯ ಮತ್ತೆ ಎದುರಾಯಿತು. ಭಾರತಕ್ಕೆಂದೇ ಬೇರೆ ಮಾನಕವಿದ್ದರೆ ಬೇರೆ ಚಿಪ್, ಬೇರೆ ಫೋನು ಬೇಕಾಗುತ್ತವೆ, ಬೆಲೆ ಏರುತ್ತದೆ ಎಂದು ಮೊಬೈಲ್ ಸೇವಾ ಕಂಪನಿಗಳ ಸಂಘ ವಿರೋಧಿಸಿತು. ಕಾರ್‌ಡೆಕ್ಟ್ ಕಲಿಸಿದ ಪಾಠವೂ ಅದೇ ಆಗಿತ್ತು. 2021ರ ಕೊನೆಯಲ್ಲಿ ಒಂದು ಒಪ್ಪಂದವಾಯಿತು: 5ಜಿಐಯನ್ನು ಪ್ರತ್ಯೇಕವಾಗಿ ಉಳಿಸದೆ, ಅದರ ಸಾರವನ್ನು ಜಗತ್ತೆಲ್ಲ ಅನುಸರಿಸುವ 5ಜಿ ಮಾನಕದ 17ನೆಯ ಆವೃತ್ತಿಯಲ್ಲಿ ವಿಲೀನಗೊಳಿಸುವುದು. ಹೆಸರು ಹೋಯಿತೆಂದು ಕೆಲವರು ಮರುಗಿದರು. ನನಗೆ ಇದು ಜಾಣತನವೆಂದೇ ತೋರುತ್ತದೆ. ಹೊಳೆ ಸಮುದ್ರ ಸೇರಿದ ಮೇಲೆ ಅದರ ಹೆಸರಿರುವುದಿಲ್ಲ, ನೀರು ಇರುತ್ತದೆ.

2022ರ ಮೇ ತಿಂಗಳಲ್ಲಿ ದೇಶೀಯ 5ಜಿ ಪರೀಕ್ಷಾ ವ್ಯವಸ್ಥೆ ಉದ್ಘಾಟನೆಗೊಂಡಿತು. 220 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಅದನ್ನು ಮದರಾಸಿನ ಐ.ಐ.ಟಿ.ಯ ನೇತೃತ್ವದಲ್ಲಿ ಎಂಟು ಸಂಸ್ಥೆಗಳು ಕಟ್ಟಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅವುಗಳಲ್ಲಿ ಒಂದು. ಸಣ್ಣ ಕಂಪನಿಗಳು ತಮ್ಮ ಉಪಕರಣಗಳನ್ನು ವಿದೇಶಕ್ಕೆ ಒಯ್ಯದೆ ಇಲ್ಲೇ ಪರೀಕ್ಷಿಸಿ ನೋಡಲಿ ಎಂಬುದು ಅದರ ಉದ್ದೇಶ.

ಬೆಂಗಳೂರಿನ ಶಿಷ್ಯನೇ, ನಿನ್ನ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಧೂಳು ಹಿಡಿಯುವ ಪ್ರಬಂಧಗಳು ನಮ್ಮಲ್ಲಿ ಬಹಳ ಇವೆ. ಆದರೆ ಕಾರ್‌ಡೆಕ್ಟ್‌ನ ಮಾರಾಟವನ್ನಷ್ಟೇ ಅಳೆದು ಆ ಸಂಶೋಧನೆ ವ್ಯರ್ಥವಾಯಿತು ಎಂದು ತೀರ್ಪು ಕೊಡಬೇಡ. ಬಿತ್ತಿದ ಮೊದಲ ಬೆಳೆ ಮಳೆಗೆ ಸಿಕ್ಕಿ ಹೋದರೂ ಹೊಲ ಹದವಾಗಿರುತ್ತದೆ. ಮದರಾಸಿನವರು ಒಂದು ಯಂತ್ರವನ್ನು ಕಳೆದುಕೊಂಡರು; ಮುಂದಿನ ಮೂವತ್ತು ವರ್ಷ ಅದೇ ಪ್ರಶ್ನೆಯನ್ನು ಬಿಡದೆ ಹಿಡಿಯುವ ಜನರನ್ನು ಗಳಿಸಿಕೊಂಡರು. ನೀನು ಕೆಲಸ ಮಾಡುವ ಕಂಪನಿಯ ಸಮೀಪದಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಒಂದಕ್ಕೆ ಹೋಗಿ ನಿಮ್ಮಲ್ಲಿ ಬಗೆಹರಿಯದೆ ಉಳಿದಿರುವ ಒಂದು ಸಮಸ್ಯೆಯನ್ನು ಹುಡುಗರ ಮುಂದಿಡು. ಆರಂಭ ಅಷ್ಟರಿಂದಲೇ ಆಗುತ್ತದೆ.

ಹುಬ್ಬಳ್ಳಿಯ ಶಿಷ್ಯನಿಗೆ ನಾನು ಕೊಡಬೇಕಾದದ್ದು ಉತ್ತರವಲ್ಲ, ಕ್ಷಮಾಯಾಚನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನೀನು ಕೇಳಿದ ಪ್ರಶ್ನೆಯನ್ನೇ ದೇಶದ ದೊಡ್ಡ ಪ್ರಾಧ್ಯಾಪಕರು ಕೇಳಿಕೊಳ್ಳುತ್ತಿದ್ದರು. ಅದು ಪಠ್ಯಪುಸ್ತಕದಲ್ಲಿರಲಿಲ್ಲ, ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು ಪರೀಕ್ಷೆಯ ಹೆಸರು ಹೇಳಿ ನಿನ್ನನ್ನು ಕೂರಿಸಿದೆ. ನಿವೃತ್ತನಾದ ಮೇಲೆ ಓದಿ ತಿಳಿದದ್ದನ್ನು ಮೂವತ್ತು ವರ್ಷ ತಡವಾಗಿ ಇಲ್ಲಿ ಬರೆದಿದ್ದೇನೆ. ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ನಿನ್ನ ಅಂಗಡಿಗೆ ಬರುತ್ತೇನೆ. ಬಿಚ್ಚಿಟ್ಟ ಮೊಬೈಲಿನೊಳಗೆ ಆಂಟೆನಾ ಎಲ್ಲಿರುತ್ತದೆಂದು ನನಗೆ ತೋರಿಸು. ಈ ಸಲ ನಾನು ಬೆಂಚಿನ ಮೇಲೆ ಕುಳಿತು ಕೇಳುತ್ತೇನೆ.